ನಕ್ಷೆಯಲ್ಲಿ ಅಳಿಸಿದ್ದು, ನೆಲದಲ್ಲಿ ಉಳಿದದ್ದು

ಚೀನಾದವರು ದಾರಿ ಹುಡುಕಲು ನೆಚ್ಚಿಕೊಂಡಿರುವ ಆನ್‌ಲೈನ್ ನಕ್ಷೆಗಳಲ್ಲಿ ಬೈದು ಕಂಪನಿಯದು ಮುಖ್ಯವಾದದ್ದು. ಅದರ ಉಪಗ್ರಹ ಚಿತ್ರವನ್ನು ತೆರೆದು ಹಿಗ್ಗಿಸುತ್ತ ಹೋದರೆ ಊರು, ಬೀದಿ, ಮನೆಯ ಚಾವಣಿ ಒಂದೊಂದಾಗಿ ಸ್ಪಷ್ಟವಾಗುತ್ತವೆ. ದೇಶದ ವಾಯವ್ಯ ತುದಿಯಲ್ಲಿರುವ ಷಿನ್‌ಜಿಯಾಂಗ್ ಪ್ರಾಂತದ ಕೆಲವು ಜಾಗಗಳಲ್ಲಿ ಮಾತ್ರ ಹಾಗಾಗುತ್ತಿರಲಿಲ್ಲ. ಚಿತ್ರ ಕ್ಷಣಮಾತ್ರ ಮೂಡುತ್ತಿತ್ತು. ಇನ್ನಷ್ಟು ಹತ್ತಿರ ಸರಿದ ಕೂಡಲೇ ತಿಳಿ ಬೂದುಬಣ್ಣದ ಖಾಲಿ ಚೌಕವೊಂದು ಅದರ ಮೇಲೆ ಬಂದು ಕೂರುತ್ತಿತ್ತು. ಸುತ್ತಲಿನ ಹೊಲ, ರಸ್ತೆ ಎಲ್ಲ ಕಾಣುತ್ತಿದ್ದವು. ನಡುವಿನ ಆ ಒಂದು ತುಂಡು ಕಾಣುತ್ತಿರಲಿಲ್ಲ.

ಇದನ್ನು ಕಂಡು ಮುಂದೆ ಸರಿಯದೆ ಅಲ್ಲೇ ನಿಂತವರು ಅಲಿಸನ್ ಕಿಲ್ಲಿಂಗ್, ವೃತ್ತಿಯಿಂದ ವಾಸ್ತುಶಿಲ್ಪಿ. ಅವರ ಜತೆಗೂಡಿದ್ದವರು ಬಝ್‌ಫೀಡ್ ನ್ಯೂಸ್‌ನ ವರದಿಗಾರ್ತಿ ಮೇಘಾ ರಾಜಗೋಪಾಲನ್ ಮತ್ತು ಪ್ರೋಗ್ರಾಮರ್ ಕ್ರಿಸ್ಟೊ ಬುಶೆಕ್. ಉಯಿಘರ್ ಮುಸ್ಲಿಮರನ್ನು ಸಾಮೂಹಿಕವಾಗಿ ಕೂಡಿಹಾಕುತ್ತಿದ್ದಾರೆ ಎಂಬ ಸುದ್ದಿ ಹೊರಜಗತ್ತಿಗೆ ಸೋರತೊಡಗಿದ 2017ರಲ್ಲೇ ಮೇಘಾ ಷಿನ್‌ಜಿಯಾಂಗ್‌ಗೆ ಹೋಗಿ ಶಿಬಿರವೊಂದನ್ನು ಹೊರಗಿನಿಂದ ಕಂಡು ಬಂದಿದ್ದರು. ಮರುವರ್ಷ ಚೀನಾ ಸರ್ಕಾರ ಅವರ ವೀಸಾ ನವೀಕರಿಸಲಿಲ್ಲ. ವರದಿಗಾರ್ತಿ ಆ ನೆಲಕ್ಕೆ ಕಾಲಿಡುವಂತಿಲ್ಲ. ಅಲ್ಲಿರುವವರು ಫೋನಿನಲ್ಲಿ ಬಾಯಿಬಿಟ್ಟರೆ ಅವರ ಪ್ರಾಣಕ್ಕೇ ಸಂಚಕಾರ. ಇಂಥ ಕಡೆ ತನಿಖೆ ಮಾಡುವುದಾದರೂ ಹೇಗೆ?

ಆನ್‌ಲೈನ್ ನಕ್ಷೆ ನಮ್ಮ ತೆರೆಗೆ ಬರುವುದು ಒಂದೇ ಚಿತ್ರವಾಗಿ ಅಲ್ಲ. ಮನೆಯ ನೆಲಕ್ಕೆ ಟೈಲ್ಸ್ ಹಾಸಿದಂತೆ ಸಣ್ಣ ಸಣ್ಣ ಚೌಕಗಳು ಒಂದರ ಪಕ್ಕ ಒಂದು ಬಂದು ಕೂಡಿಕೊಳ್ಳುತ್ತವೆ. ಯಾವ ಚೌಕವನ್ನು ಬೇಕೆಂದೇ ಖಾಲಿ ಮಾಡಿದ್ದಾರೆ ಎಂದು ಕಂಪ್ಯೂಟರಿನಿಂದಲೇ ಎಣಿಸಬಹುದು ಎಂಬುದು ಬುಶೆಕ್ ಕಂಡುಕೊಂಡ ದಾರಿ. ಮೊದಲು ಬೇರೆ ಸಂಶೋಧಕರು ಗುರುತಿಸಿದ್ದ ಶಿಬಿರಗಳ ಮೇಲೆ ಈ ಉಪಾಯವನ್ನು ಒರೆಗೆ ಹಚ್ಚಿದರು. ಅಲ್ಲೂ ಖಾಲಿ ಚೌಕ. ನಂತರ ಇಡೀ ಪ್ರಾಂತವನ್ನು ಜಾಲಾಡಿದಾಗ ಸಿಕ್ಕ ಖಾಲಿ ಚೌಕಗಳು ಸುಮಾರು 50 ಲಕ್ಷ! ಸೇನಾ ನೆಲೆ, ವಿದ್ಯುತ್ ಸ್ಥಾವರ, ಗಣಿ, ಕಾರ್ಖಾನೆಗಳೂ ಅದರಲ್ಲಿ ಸೇರಿದ್ದವು. ಅಷ್ಟನ್ನೂ ಕಣ್ಣಿನಿಂದ ನೋಡಿ ಮುಗಿಸುವುದು ಯಾರಿಗೂ ಸಾಧ್ಯವಿಲ್ಲ.

ಇಲ್ಲಿಂದ ಮುಂದೆ ಕೆಲಸ ಮಾಡಿದ್ದು ಯಂತ್ರವಲ್ಲ, ಕಟ್ಟಡ ಬಲ್ಲವರ ವಿವೇಕ. ಸಾವಿರಾರು ಜನರನ್ನು ಕೂಡಿಹಾಕುವ ಜಾಗಕ್ಕೆ ನೀರು ಬೇಕು, ವಿದ್ಯುತ್ ಬೇಕು, ಸಾಮಗ್ರಿ ಸಾಗಿಸಲು ರಸ್ತೆ ಬೇಕು, ಕಾವಲಿಗೆ ಬರುವವರಿಗೆ ಹತ್ತಿರದಲ್ಲೊಂದು ಊರು ಬೇಕು. ನಿರ್ಜನ ಮರುಭೂಮಿಯ ನಟ್ಟನಡುವೆ ಯಾರೂ ಸೆರೆಮನೆ ಕಟ್ಟುವುದಿಲ್ಲ. ಊರು, ಹೆದ್ದಾರಿ, ರೈಲುಮಾರ್ಗಗಳ ಆಸುಪಾಸಿನ ಚೌಕಗಳನ್ನಷ್ಟೇ ಉಳಿಸಿಕೊಂಡಾಗ ಪಟ್ಟಿ ಸುಮಾರು 50 ಸಾವಿರಕ್ಕೆ ಇಳಿಯಿತು. ಆಮೇಲಿನದು ಕಣ್ಣಿನ ಕೂಲಿ. ಬೈದು ಮುಚ್ಚಿಟ್ಟ ಅದೇ ಜಾಗವನ್ನು ಗೂಗಲ್ ಅರ್ಥ್‌ನಲ್ಲಿ, ಯುರೋಪಿನ ಸೆಂಟಿನೆಲ್ ಉಪಗ್ರಹದ ಚಿತ್ರಗಳಲ್ಲಿ, ಪ್ಲಾನೆಟ್ ಎಂಬ ಖಾಸಗಿ ಕಂಪನಿಯ ಚಿತ್ರಗಳಲ್ಲಿ ತೆರೆದು ನೋಡುವುದು. ದಪ್ಪ ಹೊರಗೋಡೆ ಇದೆಯೇ? ಮೂಲೆಗಳಲ್ಲಿ ಕಾವಲು ಗೋಪುರದ ನೆರಳು ಬಿದ್ದಿದೆಯೇ? ಕಟ್ಟಡದ ಪಕ್ಕ ಮುಳ್ಳುತಂತಿಯ ದೊಡ್ಡಿ ಇದೆಯೇ? ಹಳೆಯ ವರ್ಷಗಳ ಚಿತ್ರಕ್ಕೆ ಹಿಂದೆ ಸರಿದರೆ ಅಲ್ಲಿ ಏನಿತ್ತು?

2020ರ ಆಗಸ್ಟ್‌ನಲ್ಲಿ ವರದಿ ಪ್ರಕಟವಾಯಿತು. 2017ರಿಂದ ಈಚೆಗೆ ಕಟ್ಟಿದ, ಬಂಧನ ಕೇಂದ್ರದ ಎಲ್ಲ ಲಕ್ಷಣಗಳಿರುವ 260ಕ್ಕೂ ಹೆಚ್ಚು ಕೋಟೆಯಂಥ ಸಂಕೀರ್ಣಗಳು ಪತ್ತೆಯಾಗಿದ್ದವು. ‘ತರಬೇತಿ ಪಡೆಯುತ್ತಿದ್ದ ಎಲ್ಲರೂ ವ್ಯಾಸಂಗ ಮುಗಿಸಿ ಹೊರಬಂದಿದ್ದಾರೆ’ ಎಂದು, ಶಿಬಿರಗಳನ್ನು ತರಬೇತಿ ಕೇಂದ್ರಗಳೆಂದೇ ಕರೆಯುತ್ತಿದ್ದ ಪ್ರಾಂತದ ಆಡಳಿತ 2019ರ ಡಿಸೆಂಬರ್‌ನಲ್ಲೇ ಘೋಷಿಸಿತ್ತು. ಉಪಗ್ರಹ ಚಿತ್ರಗಳಲ್ಲಿ ಮಾತ್ರ ಗೋಡೆಗಳು ಇನ್ನೂ ಮೇಲೇಳುತ್ತಲೇ ಇದ್ದವು. ಚಿತ್ರಗಳಷ್ಟನ್ನೇ ನಂಬಿ ಮೇಘಾ ಬರೆಯಲಿಲ್ಲ. ಪಕ್ಕದ ಕಜಾಕಸ್ತಾನದಲ್ಲಿ, ಶಿಬಿರಗಳಿಂದ ಪಾರಾಗಿ ಬಂದ ಎರಡು ಡಜನ್‌ಗೂ ಹೆಚ್ಚು ಮಂದಿಯನ್ನು ಹುಡುಕಿ ಮಾತನಾಡಿಸಿದರು. ಒಳಗಿದ್ದವರ ನೆನಪು ಮತ್ತು ಮೇಲಿನಿಂದ ಕಂಡ ಗೋಡೆ ಒಂದಕ್ಕೊಂದು ತಾಳೆಯಾದವು. ಮರುವರ್ಷ ಈ ಮೂವರಿಗೆ ಪುಲಿಟ್ಜರ್ ಪ್ರಶಸ್ತಿ ಬಂತು. ಬಝ್‌ಫೀಡ್ ನ್ಯೂಸ್ 2023ರಲ್ಲಿ ಬಾಗಿಲು ಮುಚ್ಚಿದ್ದು ನನಗೆ ಇಂದಿಗೂ ಸಂಕಟದ ಸಂಗತಿ.

ಅಳಿಸಿದವರು ತಾವು ಎಲ್ಲಿ ಅಳಿಸಿದೆವೆಂಬುದನ್ನು ಅಳಿಸಲಾರದೆ ಹೋದರು. ಈ ತನಿಖೆ ನಿಂತದ್ದು ಆ ಒಂದು ಎಳೆಯ ಮೇಲೆ.

ಯಾರು, ಏನು, ಯಾವಾಗ, ಎಲ್ಲಿ, ಏಕೆ, ಹೇಗೆ: ಪತ್ರಿಕೋದ್ಯಮದ ಮೊದಲ ತರಗತಿಯಲ್ಲಿ ಕಲಿಸುವ ಪ್ರಶ್ನೆಗಳಿವು. ಇವುಗಳಲ್ಲಿ ‘ಎಲ್ಲಿ’ ಎಂಬುದಕ್ಕೆ ನಾವು ಕೊಡುತ್ತ ಬಂದಿರುವ ಬೆಲೆ ಬಹಳ ಕಡಿಮೆ. ಸುದ್ದಿಯ ನೆತ್ತಿಯ ಮೇಲೆ ಊರಿನ ಹೆಸರು ಹಾಕಿದರೆ ಆ ಪ್ರಶ್ನೆ ಮುಗಿಯಿತು. ಆದರೆ ಮನುಷ್ಯ ತಾನು ಹೇಳಿದ್ದನ್ನು ನಿರಾಕರಿಸಬಹುದು, ಕಡತ ದಫ್ತರಿನಿಂದ ಕಾಣೆಯಾಗಬಹುದು, ಸಾಕ್ಷಿ ಹೆದರಿ ಹಿಂದೆ ಸರಿಯಬಹುದು. ಜಾಗವನ್ನು ಎತ್ತಿ ಬೇರೆಡೆ ಇಡಲು ಯಾರಿಂದಲೂ ಆಗದು. ತನಿಖಾ ವರದಿಗಾರರ ಕೈಗೆ ಆನ್‌ಲೈನ್ ನಕ್ಷೆಗಳು ಕೊಟ್ಟ ನಿಜವಾದ ಬಲ ಇದು. ಓದುಗರೂ ಅದೇ ನಕ್ಷೆಯನ್ನು ತೆರೆದು, ಅದೇ ಜಾಗಕ್ಕೆ ಹೋಗಿ, ವರದಿಗಾರ ಹೇಳಿದ್ದು ಸರಿಯೇ ಎಂದು ತಾವೇ ನೋಡಬಹುದು ಎಂಬುದು ಅದಕ್ಕಿಂತ ದೊಡ್ಡ ಬಲ.

ಗುಡ್ಡಗಳ ಸಾಲು ಕೊಟ್ಟ ಸಾಕ್ಷ್ಯ

2018ರ ಜುಲೈನಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಒಂದು ವಿಡಿಯೊ ಹರಿದಾಡಿತು. ಸೈನಿಕರ ಸಮವಸ್ತ್ರದಲ್ಲಿರುವವರು ಇಬ್ಬರು ಹೆಂಗಸರನ್ನೂ ಇಬ್ಬರು ಮಕ್ಕಳನ್ನೂ ಮಣ್ಣಿನ ರಸ್ತೆಯಲ್ಲಿ ನಡೆಸಿಕೊಂಡು ಹೋಗಿ ಗುಂಡಿಟ್ಟು ಕೊಲ್ಲುವ ದೃಶ್ಯ. ಒಂದು ಮಗು ತಾಯಿಯ ಬೆನ್ನಿಗೆ ಕಟ್ಟಿಕೊಂಡ ಕೂಸು. ಇದು ಆಫ್ರಿಕದ ಕ್ಯಾಮರೂನ್ ದೇಶದ ಸೈನಿಕರ ಕೃತ್ಯ, ಬೋಕೊ ಹರಾಮ್ ಉಗ್ರರ ಜತೆ ನಂಟಿದೆ ಎಂದು ಆರೋಪಿಸಿ ಕೊಂದದ್ದು ಎಂಬ ಮಾತು ಕೇಳಿಬಂತು. ಕ್ಯಾಮರೂನ್ ಸರ್ಕಾರ ಅದನ್ನು ಸುಳ್ಳು ಸುದ್ದಿ ಎಂದು ತಳ್ಳಿಹಾಕಿತು. ವಿಡಿಯೊದಲ್ಲಿ ಊರಿನ ಫಲಕವಿಲ್ಲ, ದಿನಾಂಕವಿಲ್ಲ. ಒಣ ಬಯಲು, ಕೆಲವು ಮರ, ಒಂದೆರಡು ಕಟ್ಟಡ, ಹಿನ್ನೆಲೆಯಲ್ಲಿ ಗುಡ್ಡದ ಸಾಲು.

ಬಿಬಿಸಿಯ ‘ಆಫ್ರಿಕಾ ಐ’ ತಂಡ ಹಿಡಿದುಕೊಂಡದ್ದು ಆ ಗುಡ್ಡದ ಸಾಲನ್ನು. ಆಕಾಶಕ್ಕೆ ತಾಗಿದ ಅದರ ಏರಿಳಿತಗಳನ್ನು ಬಿಡಿಸಿಟ್ಟುಕೊಂಡು, ಗೂಗಲ್ ಅರ್ಥ್‌ನಲ್ಲಿ ಅಂಥದೇ ಸಾಲನ್ನು ಹುಡುಕತೊಡಗಿದರು. ಬೆಟ್ಟಗುಡ್ಡಗಳ ಅಷ್ಟು ವಿಸ್ತಾರವಾದ ಸೀಮೆಯಲ್ಲಿ ಅದು ಸುಲಭವಾಗಿ ಸಿಗುವಂಥದಲ್ಲ. ಕೊನೆಗೆ ಕ್ಯಾಮರೂನಿನವರೇ ಒಬ್ಬರು ಸುಳಿವು ಕೊಟ್ಟರು: ದೇಶದ ಉತ್ತರ ತುದಿಯಲ್ಲಿ, ನೈಜೀರಿಯಾ ಗಡಿಯ ಬಳಿಯ ಝೆಲೆವೆಟ್ ಎಂಬ ಊರಿನ ಸುತ್ತ ನೋಡಿ. ನೋಡಿದರು. ಸಾಲು ಹೊಂದಿತು. ಆಮೇಲೆ ಮರಗಳು, ಕಟ್ಟಡಗಳು, ದಾರಿ ಎಲ್ಲವೂ ಹೊಂದಿದವು. ನೆಲ ಬಲ್ಲ ಮನುಷ್ಯನ ಆ ಒಂದು ಮಾತು ಇಲ್ಲದಿದ್ದರೆ ತಂತ್ರಜ್ಞಾನ ಇನ್ನೆಷ್ಟು ಕಾಲ ತಡಕಾಡುತ್ತಿತ್ತೋ.

ಜಾಗ ಸಿಕ್ಕಿತು, ಕಾಲ? ಅದಕ್ಕೂ ಅದೇ ನಕ್ಷೆಯ ಮೊರೆ. ವಿಡಿಯೊದಲ್ಲಿ ಕಾಣುವ ಒಂದು ಕಟ್ಟಡ 2016ರ ಫೆಬ್ರುವರಿಯವರೆಗೆ ಮಾತ್ರ ಉಪಗ್ರಹ ಚಿತ್ರಗಳಲ್ಲಿದೆ. ಇನ್ನೊಂದರ ಗೋಡೆ 2014ರ ನವೆಂಬರ್‌ನಲ್ಲಿ ಇನ್ನೂ ಎದ್ದಿರಲಿಲ್ಲ. ಅಂದರೆ ಈ ಎರಡರ ನಡುವೆ ನಡೆದದ್ದು. ದೃಶ್ಯದಲ್ಲಿರುವ ಕಾಲುದಾರಿ ಬೇಸಿಗೆಯ ತಿಂಗಳುಗಳಲ್ಲಷ್ಟೇ ಮೂಡುತ್ತದೆ. ಮಳೆಗಾಲದಲ್ಲಿ ಹುಲ್ಲು ಅದನ್ನು ಮುಚ್ಚುತ್ತದೆ. ಕೊನೆಯದಾಗಿ ನೆರಳು. ಸೈನಿಕರ ನೆರಳಿನ ದಿಕ್ಕು ಮತ್ತು ಉದ್ದದಿಂದ ಸೂರ್ಯ ಆಕಾಶದ ಯಾವ ಕೋನದಲ್ಲಿದ್ದ ಎಂದು ಲೆಕ್ಕ ಹಾಕಿದರು. ಎಲ್ಲವನ್ನೂ ಕೂಡಿಸಿದಾಗ ಉಳಿದದ್ದು 2015ರ ಮಾರ್ಚ್ 20ರಿಂದ ಏಪ್ರಿಲ್ 5ರ ನಡುವಿನ ದಿನಗಳು.

ಮೊದಲು ಸುಳ್ಳೆಂದಿದ್ದ ಸರ್ಕಾರ ಆಗಸ್ಟ್ ವೇಳೆಗೆ ಮಾತು ಬದಲಿಸಿ, ಏಳು ಸೈನಿಕರನ್ನು ಬಂಧಿಸಿರುವುದಾಗಿ ಹೇಳಿತು. ಸೆಪ್ಟೆಂಬರ್‌ನಲ್ಲಿ ಬಿಬಿಸಿ ತನ್ನ ತನಿಖೆಯನ್ನು, ಅದು ನಡೆದ ಬಗೆಯ ಸಮೇತ ಬಿಚ್ಚಿಟ್ಟಿತು. 2020ರಲ್ಲಿ ಸೇನಾ ನ್ಯಾಯಾಲಯ ನಾಲ್ವರಿಗೆ 10 ವರ್ಷ, ಒಬ್ಬನಿಗೆ 2 ವರ್ಷ ಸೆರೆವಾಸ ವಿಧಿಸಿ, ಇಬ್ಬರನ್ನು ಖುಲಾಸೆ ಮಾಡಿತು. ನಾಲ್ಕು ಜೀವಗಳಿಗೆ ಈ ಶಿಕ್ಷೆ ಸಾಲದು ಎಂದೇ ನನ್ನ ಭಾವನೆ. ಆದರೂ, ಹೆಸರೂ ತಿಳಿಯದ ಬಯಲಿನಲ್ಲಿ ಯಾರೂ ಕೇಳದ ಸಾವೊಂದು ಕಟಕಟೆಯವರೆಗೆ ಬಂತು.

ನಿಮ್ಮ ವಿಳಾಸ ಬರೆಯಿರಿ

ಈವರೆಗೆ ಹೇಳಿದ್ದು ವರದಿಗಾರರು ನಕ್ಷೆಯನ್ನು ಉಪಕರಣವಾಗಿ ಬಳಸಿದ ಕಥೆ. ನಕ್ಷೆಯನ್ನೇ ವರದಿಯಾಗಿ ಓದುಗರ ಕೈಗಿಡುವುದು ಇನ್ನೊಂದು ಬಗೆ.

ಅಮೆರಿಕದ ಪ್ರೊಪಬ್ಲಿಕಾ ಲಾಭಾಪೇಕ್ಷೆಯಿಲ್ಲದ ಸುದ್ದಿಸಂಸ್ಥೆ. ಅದು 2021ರ ನವೆಂಬರ್‌ನಲ್ಲಿ ಒಂದು ಇಂಟರ್‌ಆ್ಯಕ್ಟಿವ್ ನಕ್ಷೆಯನ್ನು ಪ್ರಕಟಿಸಿತು. ನಿಮ್ಮ ಮನೆಯ ವಿಳಾಸ ಬರೆದರೆ ಸಾಕು, ಸುತ್ತಲಿನ ಕಾರ್ಖಾನೆಗಳ ವಿಷಗಾಳಿಯಿಂದ ಅಲ್ಲಿ ಕ್ಯಾನ್ಸರಿನ ಅಪಾಯ ಅಂದಾಜು ಎಷ್ಟು, ಯಾವ ಕಾರ್ಖಾನೆಯ ಯಾವ ರಾಸಾಯನಿಕದ ಪಾಲು ಎಷ್ಟು ಎಂದು ತೋರಿಸುವ ನಕ್ಷೆ ಅದು. ಬಳಸಿದ ಮಾಹಿತಿ ಗುಟ್ಟಿನದಲ್ಲ. ಕಾರ್ಖಾನೆಗಳು ಪ್ರತಿವರ್ಷ ಪರಿಸರ ಸಂರಕ್ಷಣಾ ಸಂಸ್ಥೆಗೆ, ಅಂದರೆ ಇಪಿಎಗೆ, ತಾವೇ ಸಲ್ಲಿಸುವ ಲೆಕ್ಕ. ಇಪಿಎ ತಾನೇ ರೂಪಿಸಿಕೊಂಡಿದ್ದ ಗಣಿತದ ಮಾದರಿ. 2014ರಿಂದ 2018ರವರೆಗಿನ ಐದು ವರ್ಷದ ಈ ಲೆಕ್ಕವನ್ನು ಪತ್ರಕರ್ತರು ದೇಶದ ನೆಲದ ಮೇಲೆ, ಬದಿಗೆ 810 ಮೀಟರಿನ ಚೌಕಗಳಾಗಿ ಹರಡಿದರು.

ಆಗ ಕಂಡದ್ದನ್ನು ಇಪಿಎ ಕಂಡಿರಲಿಲ್ಲ ಎನ್ನುವುದಕ್ಕಿಂತ, ನೋಡುವ ಕ್ರಮವೇ ಅದನ್ನು ಕಾಣದಂತೆ ಮಾಡಿತ್ತು ಎನ್ನಬೇಕು. ಇಪಿಎ ಅಪಾಯವನ್ನು ಅಳೆಯುತ್ತಿದ್ದುದು ಬಹುಪಾಲು ಒಂದೊಂದು ಕಾರ್ಖಾನೆಯನ್ನು ಪ್ರತ್ಯೇಕವಾಗಿ ಇಟ್ಟುಕೊಂಡು. ಮಿತಿಯೊಳಗಿದೆ, ಸರಿ; ಪಕ್ಕದ್ದೂ ಮಿತಿಯೊಳಗಿದೆ, ಸರಿ. ಉಸಿರಾಡುವ ಮನುಷ್ಯನಿಗೆ ಪ್ರತ್ಯೇಕವಾದ ಗಾಳಿಯಿಲ್ಲ. ನಾಲ್ಕಾರು ಚಿಮಣಿಗಳ ಹೊಗೆ ಅವನ ಒಂದೇ ಎದೆಗೆ ಇಳಿಯುತ್ತದೆ. ನಕ್ಷೆಯ ಮೇಲೆ ಒಂದರ ಮೇಲೊಂದು ಪದರ ಕೂಡಿಸಿದ ಕೂಡಲೇ ಸಾವಿರಕ್ಕೂ ಹೆಚ್ಚು ಅಪಾಯದ ತಾಣಗಳು ಕೆಂಪಾಗಿ ಎದ್ದು ಬಂದವು. ಹತ್ತು ಸಾವಿರ ಜನರಲ್ಲಿ ಒಬ್ಬರಿಗೆ ಹೆಚ್ಚುವರಿಯಾಗಿ ಕ್ಯಾನ್ಸರ್ ತಗಲುವ ಅಪಾಯವನ್ನು ಇಪಿಎ ತನ್ನ ಮೇಲ್ಮಿತಿಯಾಗಿ ಇಟ್ಟುಕೊಂಡಿದೆ. ಅಂದಾಜು ಎರಡೂವರೆ ಲಕ್ಷ ಜನ ಅದನ್ನೂ ಮೀರಿದ ಜಾಗಗಳಲ್ಲಿ ಬದುಕುತ್ತಿದ್ದರು. ಕಪ್ಪು ಜನ ಹೆಚ್ಚಿರುವ ಬಡಾವಣೆಗಳಲ್ಲಿ ಅಪಾಯದ ಅಂದಾಜು ಬಿಳಿಯರು ಹೆಚ್ಚಿರುವ ಕಡೆಗಿಂತ ದುಪ್ಪಟ್ಟಿಗೂ ಮೇಲಿತ್ತು. ಲೂಸಿಯಾನದ ಬ್ಯಾಟನ್ ರೂಜ್ ಮತ್ತು ನ್ಯೂ ಆರ್ಲಿಯನ್ಸ್ ನಡುವಿನ ನದಿಸೀಮೆಯನ್ನು ಅಲ್ಲಿನ ಜನ ಮೊದಲಿನಿಂದಲೂ ‘ಕ್ಯಾನ್ಸರ್ ಗಲ್ಲಿ’ ಎಂದೇ ಕರೆಯುತ್ತ ಬಂದವರು. ಅವರ ಮಾತಿಗೆ ಈಗ ಅಳತೆ ದೊರೆಯಿತು. ಕೆಲವೇ ತಿಂಗಳಲ್ಲಿ ಇಪಿಎ ಇಂಥ ಊರುಗಳ ಕಾರ್ಖಾನೆಗಳಿಗೆ ಮುನ್ಸೂಚನೆ ಕೊಡದೆ ತಪಾಸಣೆಗೆ ಹೋಗುವುದಾಗಿ ಪ್ರಕಟಿಸಿತು.

ಇಂಥ ನಕ್ಷೆಯಲ್ಲಿ ನಾನು ಮೆಚ್ಚುವುದು ಅದರ ಸಮಾನತೆ. ಮುದ್ರಿತ ವರದಿಯಲ್ಲಿ ವರದಿಗಾರ ಆರಿಸಿದ ಮೂರು ಊರುಗಳ ಕಥೆ ಬರುತ್ತದೆ. ನಾಲ್ಕನೆಯ ಊರಿನವರಿಗೆ ಅದು ಬೇರೆಯವರ ಸುದ್ದಿ. ಇಲ್ಲಿ ಪ್ರತಿಯೊಬ್ಬರೂ ಮೊದಲು ಹುಡುಕುವುದು ತಮ್ಮ ಮನೆ, ಆಮೇಲೆ ಮಕ್ಕಳ ಶಾಲೆ, ಆಮೇಲೆ ತವರು.

ಅಮೆಜಾನ್ ಕಾಡಿನ ಬಗ್ಗೆ ನ್ಯೂಯಾರ್ಕ್ ಟೈಮ್ಸ್ 2022ರಲ್ಲಿ ಪ್ರಕಟಿಸಿದ ನಕ್ಷೆಯೂ ಹೀಗೆಯೇ ಅಂಗೈ ಮೇಲಿನ ಗೆರೆಗಳಷ್ಟು ನಿಚ್ಚಳ. ಅಕ್ರಮ ಚಿನ್ನದ ಗಣಿಗಳನ್ನು ಹುಡುಕಲು ಅವರು ಗಣಿಗಳ ಬದಲು ವಿಮಾನದ ಓಡುಹಾದಿಗಳನ್ನು ಹುಡುಕಿದರು. ರಸ್ತೆಯಿಲ್ಲದ ಕಾಡಿಗೆ ಡೀಸೆಲ್, ಅಕ್ಕಿ, ಯಂತ್ರದ ಬಿಡಿಭಾಗ, ಪಾದರಸ ಎಲ್ಲವೂ ಪುಟ್ಟ ವಿಮಾನದಲ್ಲೇ ಬರಬೇಕು. 2016ರಿಂದ ಈಚಿನ ಸಾವಿರಾರು ಉಪಗ್ರಹ ಚಿತ್ರಗಳನ್ನು ಪರಿಶೀಲಿಸಿದಾಗ ಬ್ರೆಜಿಲ್‌ನ ಅಮೆಜಾನಿನಲ್ಲಿ ನೋಂದಣಿಯಿಲ್ಲದ 1,269 ಓಡುಹಾದಿಗಳು ಸಿಕ್ಕವು. ಅವುಗಳಲ್ಲಿ 362 ಗಣಿಗಾರಿಕೆಯ ಜಾಗಗಳಿಗೆ 20 ಕಿಲೊಮೀಟರ್ ಒಳಗೆ. ಆ 362ರ ಪೈಕಿ ನೂರಕ್ಕೆ 61 ಮೂಲನಿವಾಸಿಗಳ ಹಾಗೂ ಸಂರಕ್ಷಿತ ನೆಲದಲ್ಲಿ. ಯಾನೊಮಾಮಿ ಜನರ ಹೊಮೊಶಿ ಎಂಬಲ್ಲಿ ಸರ್ಕಾರಿ ಆರೋಗ್ಯ ಕೇಂದ್ರಕ್ಕೆಂದು ಇದ್ದ ಓಡುಹಾದಿಯನ್ನೇ ಗಣಿಯವರು ವಶಪಡಿಸಿಕೊಂಡಿದ್ದರು.

ಇದೆಲ್ಲ ಸಾಧ್ಯವಾದದ್ದು ಈಚಿನ ಎರಡು ದಶಕಗಳಲ್ಲಿ. ಅಮೆರಿಕದ ಮೊದಲ ಲ್ಯಾಂಡ್‌ಸ್ಯಾಟ್ 1972ರಲ್ಲೇ ಹಾರಿದ್ದರೂ ಅದರ ಚಿತ್ರಗಳ ಭಂಡಾರ ಎಲ್ಲರಿಗೂ ಉಚಿತವಾಗಿ ತೆರೆದದ್ದು 2008ರಲ್ಲಿ. ಗೂಗಲ್ ಅರ್ಥ್ ಬಂದದ್ದು 2005ರಲ್ಲಿ. 2015ರಿಂದ ಹಾರತೊಡಗಿದ ಸೆಂಟಿನೆಲ್–2 ಜೋಡಿ, ನೆಲದ ಹತ್ತು ಮೀಟರ್ ವಿವರವನ್ನು ಸುಮಾರು ಐದು ದಿನಕ್ಕೊಮ್ಮೆ ಉಚಿತವಾಗಿ ಒದಗಿಸುತ್ತದೆ. ತಾಲ್ಲೂಕು ಕೇಂದ್ರದ ವರದಿಗಾರನೂ ಇಂದು ಅದನ್ನು ತೆರೆದು ನೋಡಬಹುದು.

ಬಾಂದುಕಲ್ಲು ಕಿತ್ತ ಜಾಗ

ಕರ್ನಾಟಕಕ್ಕೆ ಇದು ದೂರದ ಮಾತಲ್ಲ. ಈ ರಾಜ್ಯ ಕಂಡ ಅತಿ ದೊಡ್ಡ ಹಗರಣದ ತಿರುಳು ಒಂದು ನಕ್ಷೆಯ ಪ್ರಶ್ನೆಯೇ ಆಗಿತ್ತು: ಗುತ್ತಿಗೆ ಕೊಟ್ಟದ್ದು ಎಲ್ಲಿ, ಅಗೆದದ್ದು ಎಲ್ಲಿ?

ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ಬಗ್ಗೆ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ 2011ರ ಜುಲೈ 27ರಂದು ಸಲ್ಲಿಸಿದ ವರದಿ ನಮಗೆಲ್ಲ ನೆನಪಿರುವುದು 16,085 ಕೋಟಿ ರೂಪಾಯಿ ನಷ್ಟ ಎಂಬ ಅಂಕಿಯಿಂದ, ಮುಖ್ಯಮಂತ್ರಿಯ ರಾಜೀನಾಮೆಯಿಂದ. ಆದರೆ ಅದರ ಹಿಂದೆ ಅರಣ್ಯಾಧಿಕಾರಿ ಯು.ವಿ. ಸಿಂಗ್ ಅವರ ತಂಡ ಗುಡ್ಡ ಹತ್ತಿ, ದಾಖಲೆ ಕೆದಕಿ ಮಾಡಿದ ಕೆಲಸವಿತ್ತು. ಓಬಳಾಪುರಂ ಕಡೆ ಎರಡು ರಾಜ್ಯಗಳ ನಡುವಿನ ಗಡಿಗುರುತುಗಳನ್ನೇ ಅಳಿಸಿದ್ದಾರೆಂಬ ಆರೋಪ ಸುಪ್ರೀಂ ಕೋರ್ಟಿನವರೆಗೆ ಹೋಗಿ, ಕೊನೆಗೆ ಗಡಿ ಗುರುತಿಸುವ ಹೊಣೆ ಸರ್ವೆ ಆಫ್ ಇಂಡಿಯಾದ ಹೆಗಲೇರಿತು. ಬೈದು ಚೌಕ ಅಳಿಸಿದರೆ ಇಲ್ಲಿ ಕಲ್ಲನ್ನೇ ಕಿತ್ತರು. ಉದ್ದೇಶ ಒಂದೇ: ‘ಎಲ್ಲಿ’ ಎಂಬ ಪ್ರಶ್ನೆಗೆ ಉತ್ತರ ಸಿಗದಂತೆ ಮಾಡುವುದು.

ಸಮಾಜ ಪರಿವರ್ತನ ಸಮುದಾಯ ಎಂಬ ಸಂಘಟನೆಯ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಜಂಟಿ ಸರ್ವೆಗೆ ಆದೇಶಿಸಿತು. ಬಳ್ಳಾರಿ, ಚಿತ್ರದುರ್ಗ, ತುಮಕೂರು ಜಿಲ್ಲೆಗಳ 166 ಗುತ್ತಿಗೆಗಳ ಗಡಿ ಅಳೆದು ಮೂರು ವರ್ಗ ಮಾಡಿದರು. ಈ ವರ್ಗೀಕರಣದ ಸೂತ್ರವನ್ನು ಒಮ್ಮೆ ಗಮನಿಸಿ: ಗುತ್ತಿಗೆ ಗಡಿಯಾಚೆ ಅಗೆದ ಗುಂಡಿ ಗುತ್ತಿಗೆ ಪ್ರದೇಶದ ಶೇ 10ರವರೆಗೆ, ಅಥವಾ ಗಡಿಯಾಚೆ ಸುರಿದ ಮಣ್ಣಿನ ರಾಶಿ ಶೇ 15ರವರೆಗೆ ಇದ್ದರೆ ‘ಬಿ’, ಅದನ್ನು ಮೀರಿದರೆ ‘ಸಿ’. ‘ಎ’ ವರ್ಗಕ್ಕೆ 45, ‘ಬಿ’ಗೆ 72, ‘ಸಿ’ಗೆ 49 ಗುತ್ತಿಗೆ ಬಂದವು. 2013ರ ಏಪ್ರಿಲ್‌ನಲ್ಲಿ ‘ಸಿ’ ವರ್ಗದ ಗುತ್ತಿಗೆಗಳೆಲ್ಲ ರದ್ದಾದವು. ದೇಶದ ಅತ್ಯುನ್ನತ ನ್ಯಾಯಾಲಯ ನಕ್ಷೆಯ ಮೇಲೆ ನಕ್ಷೆ ಇಟ್ಟು ನೋಡಿ ಕೊಟ್ಟ ತೀರ್ಪು ಇದು.

ಆ ವರ್ಷಗಳಲ್ಲಿ ಬಳ್ಳಾರಿಯ ವರದಿಗಾರರು ಬೆದರಿಕೆಗಳ ನಡುವೆ ಬರೆದರು. ಅವರ ಬಗ್ಗೆ ನನಗೆ ಗೌರವವಿದೆ. ಆದರೂ ಓದುಗರ ಮನಸ್ಸಿನಲ್ಲಿ ನಿಂತದ್ದು ಕೋಟಿಗಳ ಅಂಕಿ, ಕೆಂಪು ದೂಳಿನ ಫೋಟೊ, ಗಣಿ ಧಣಿಗಳ ಹೆಲಿಕಾಪ್ಟರು. ಸಂಡೂರಿನ ಒಬ್ಬ ರೈತ ತನ್ನ ಹೊಲದ ಸರ್ವೆ ನಂಬರ್ ಒತ್ತಿ, ಪಕ್ಕದ ಗುತ್ತಿಗೆಯ ಗೆರೆ ತನ್ನ ಬದುವನ್ನು ದಾಟಿದೆಯೇ ಎಂದು ನೋಡುವಂಥ ನಕ್ಷೆ ಆಗ ಅವನ ಕೈಯಲ್ಲಿದ್ದಿದ್ದರೆ ಎಷ್ಟು ಗುಂಡಿಗಳು ಮೊದಲ ವರ್ಷವೇ ಸುದ್ದಿಯಾಗುತ್ತಿದ್ದವು ಎಂದು ಯೋಚಿಸುತ್ತೇನೆ.

ಮಾಯವಾದ ಜೋಶಿಮಠ

ನಕ್ಷೆ ಅಧಿಕಾರದಲ್ಲಿರುವವರಿಗೆ ಎಂದೂ ಪ್ರಿಯವಲ್ಲ. 2023ರ ಜನವರಿಯಲ್ಲಿ ಉತ್ತರಾಖಂಡದ ಜೋಶಿಮಠದಲ್ಲಿ ಮನೆಗಳು ಬಿರುಕುಬಿಟ್ಟಾಗ, ಇಸ್ರೊದ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಉಪಗ್ರಹ ಚಿತ್ರಗಳ ಆಧಾರದ ಮೇಲೆ ಒಂದು ಪ್ರಾಥಮಿಕ ವರದಿ ಪ್ರಕಟಿಸಿತು. ಡಿಸೆಂಬರ್ 27ರಿಂದ ಜನವರಿ 8ರವರೆಗಿನ 12 ದಿನಗಳಲ್ಲಿ ಊರು 5.4 ಸೆಂಟಿಮೀಟರ್ ಕುಸಿದಿದೆ ಎಂದು ಅದರಲ್ಲಿತ್ತು. ಸರ್ಕಾರಿ ಸಂಸ್ಥೆಗಳು ಮಾಧ್ಯಮಗಳ ಜತೆ ಮಾತನಾಡಬಾರದು, ಮಾಹಿತಿ ಹಂಚಬಾರದು ಎಂದು ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಸೂಚಿಸಿದ ಬೆನ್ನಿಗೇ ಆ ವರದಿ ಜಾಲತಾಣದಿಂದ ಕಾಣೆಯಾಯಿತು. ತಮ್ಮ ಕಾಲಡಿಯ ನೆಲ ಎಷ್ಟು ಜಾರಿದೆ ಎಂದು ತಿಳಿಯುವ ಹಕ್ಕು ಆ ಊರಿನವರಿಗಿಂತ ಹೆಚ್ಚಾಗಿ ಇನ್ನಾರಿಗಿದೆ? ಜನರ ತೆರಿಗೆಯಿಂದ ಹಾರಿದ ಉಪಗ್ರಹ ಕಂಡದ್ದನ್ನು ಜನರಿಂದಲೇ ಮುಚ್ಚಿಡುವುದನ್ನು ನಾನು ಒಪ್ಪಲಾರೆ.

2016ರಲ್ಲಿ ಕೇಂದ್ರ ಗೃಹ ಸಚಿವಾಲಯ ಹೊರತಂದ ಭೂವ್ಯೋಮ ಮಾಹಿತಿ ಮಸೂದೆಯ ಕರಡು ಇನ್ನೂ ಕಠೋರವಾಗಿತ್ತು. ಪರವಾನಗಿಯಿಲ್ಲದೆ ನಕ್ಷೆಯ ಮಾಹಿತಿ ಸಂಗ್ರಹಿಸಿ ಹಂಚಿದರೆ ಕೋಟಿಗಳ ಲೆಕ್ಕದಲ್ಲಿ, 100 ಕೋಟಿ ರೂಪಾಯಿವರೆಗೂ ದಂಡ, ಜತೆಗೆ ಸೆರೆವಾಸ. ಟೀಕೆಗಳ ನಡುವೆ ಅದು ಕಾಯ್ದೆಯಾಗಲಿಲ್ಲ. 2021ರ ಮಾರ್ಗಸೂಚಿಗಳು ತದ್ವಿರುದ್ಧ ದಿಕ್ಕಿಗೆ ಹೊರಳಿ, ಭಾರತೀಯರು ನಕ್ಷೆ ಮಾಡಲು ಪೂರ್ವಾನುಮತಿ ಬೇಡವೆಂದವು. ಕಾನೂನು ಸಡಿಲವಾಗಿದೆ, ಮುಚ್ಚಿಡುವ ಅಭ್ಯಾಸ ಹಾಗೇ ಇದೆ.

ಚುಕ್ಕಿಯಿಂದಾಗುವ ಅನ್ಯಾಯ

ಪತ್ರಕರ್ತರ ಕೈಯಲ್ಲಿದ್ದ ಮಾತ್ರಕ್ಕೆ ನಕ್ಷೆ ಒಳಿತನ್ನೇ ಮಾಡುತ್ತದೆ ಎಂದುಕೊಳ್ಳುವುದು ಅಪಾಯ. 2012ರ ಡಿಸೆಂಬರ್‌ನಲ್ಲಿ, ಶಾಲಾಮಕ್ಕಳ ಹತ್ಯಾಕಾಂಡವೊಂದು ಅಮೆರಿಕವನ್ನು ತಲ್ಲಣಗೊಳಿಸಿದ ಬೆನ್ನಿಗೆ, ನ್ಯೂಯಾರ್ಕ್ ಬಳಿಯ ದಿ ಜರ್ನಲ್ ನ್ಯೂಸ್ ಎಂಬ ಪತ್ರಿಕೆ ಎರಡು ಕೌಂಟಿಗಳಲ್ಲಿ ಪಿಸ್ತೂಲು ಪರವಾನಗಿ ಪಡೆದವರ ಹೆಸರು, ವಿಳಾಸಗಳನ್ನು ಇಂಟರ್‌ಆ್ಯಕ್ಟಿವ್ ನಕ್ಷೆಯಲ್ಲಿ ಚುಕ್ಕಿಗಳಾಗಿ ಹಾಕಿತು. ಎಲ್ಲವೂ ಕಾನೂನುಬದ್ಧವಾಗಿ ಪಡೆದ ಸಾರ್ವಜನಿಕ ದಾಖಲೆ. ಆದರೆ ಆ ಚುಕ್ಕಿಗಳಲ್ಲಿ ತಪ್ಪು ಮಾಡಿದವರು ಯಾರು? ಯಾರೂ ಇಲ್ಲ. ಆಕ್ರೋಶ ಭುಗಿಲೆದ್ದು ಪತ್ರಿಕೆ ಮರುತಿಂಗಳು ನಕ್ಷೆಯನ್ನು ತೆಗೆಯಿತು. ಪರವಾನಗಿದಾರರು ತಮ್ಮ ವಿವರ ಗುಟ್ಟಾಗಿಡುವಂತೆ ಕೋರಲು ರಾಜ್ಯ ಹೊಸ ಕಾನೂನಿನಲ್ಲಿ ಅವಕಾಶ ಕೊಟ್ಟಿತು. ಪ್ರಶ್ನೆಯಿಲ್ಲದೆ ದತ್ತಾಂಶವನ್ನಷ್ಟೇ ನೆಲಕ್ಕೆ ಚೆಲ್ಲಿದ್ದರ ಫಲವಾಗಿ ಮುಂದಿನ ವರದಿಗಾರರಿಗೆ ಆ ದಾಖಲೆಯ ಬಾಗಿಲು ಕಿರಿದಾಯಿತು.

ಇನ್ನೊಂದು ಪ್ರಸಂಗ ಕ್ಯಾನ್ಸಸ್ ರಾಜ್ಯದ್ದು. ಇಂಟರ್‌ನೆಟ್ ವಿಳಾಸಗಳನ್ನು ಊರಿಗೆ ಜೋಡಿಸುವ ಕಂಪನಿಯೊಂದು, ನಿಖರ ಜಾಗ ಗೊತ್ತಿಲ್ಲದ 60 ಕೋಟಿಗೂ ಹೆಚ್ಚು ವಿಳಾಸಗಳಿಗೆ ದೇಶದ ಸರಿಸುಮಾರು ಮಧ್ಯಭಾಗದ ಒಂದು ಬಿಂದುವನ್ನು ಕೊಟ್ಟಿತ್ತು. ಆ ಬಿಂದು ಬಿದ್ದದ್ದು ಒಂದು ಹೊಲದ ಮನೆಯ ಮೇಲೆ. ವರ್ಷಗಟ್ಟಲೆ ಪೊಲೀಸರು, ಮೋಸಹೋದವರು, ತೆರಿಗೆ ವಸೂಲಿಯವರು ಆ ಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಕಾರಣ ಬಯಲಾದದ್ದು 2016ರಲ್ಲಿ, ಪತ್ರಕರ್ತೆ ಕಶ್ಮೀರ್ ಹಿಲ್ ಅವರ ವರದಿಯಿಂದ. ‘ಎಲ್ಲೋ ಗೊತ್ತಿಲ್ಲ’ ಎಂಬುದನ್ನು ನಕ್ಷೆಯ ಚುಕ್ಕಿ ‘ಇಲ್ಲೇ’ ಎಂದು ಹೇಳಿಬಿಡುತ್ತದೆ. ಅತ್ಯಾಚಾರಕ್ಕೆ ಗುರಿಯಾದವರ ಹಳ್ಳಿ, ಮಾಹಿತಿ ಕೊಟ್ಟ ಕಾರ್ಮಿಕನ ವಸತಿ, ಅಪರೂಪದ ಪ್ರಾಣಿಯ ಗುಹೆ: ಇವನ್ನು ನಕ್ಷೆಯಿಂದ ಬಿಡುವುದೂ ನಕ್ಷೆ ಮಾಡುವವರ ಕರ್ತವ್ಯದ ಭಾಗ. ಕ್ರಿಮಿನಲ್ ಮೊಕದ್ದಮೆಯೊಂದರ ಸಾಕ್ಷ್ಯಕ್ಕೆ ಕೊಡುವಷ್ಟೇ ಎಚ್ಚರವನ್ನು ಒಂದೊಂದು ಚುಕ್ಕಿಗೂ ಕೊಡಬೇಕಾಗುತ್ತದೆ.

ನಮ್ಮ ಸರ್ವೆ ನಂಬರುಗಳು

ಈ ಕೆಲಸಕ್ಕೆ ಕರ್ನಾಟಕದಷ್ಟು ಹದವಾದ ನೆಲ ದೇಶದಲ್ಲಿ ಹೆಚ್ಚಿಲ್ಲ. ಪಹಣಿಗಳು ‘ಭೂಮಿ’ ಯೋಜನೆಯಿಂದಾಗಿ ಎರಡು ದಶಕಗಳ ಹಿಂದೆಯೇ ಕಂಪ್ಯೂಟರಿಗೆ ಬಂದವು. ಗ್ರಾಮ ನಕ್ಷೆಗಳನ್ನು ಕಂದಾಯ ಇಲಾಖೆಯ ಜಾಲತಾಣದಿಂದ ಇಳಿಸಿಕೊಳ್ಳಬಹುದು. ‘ದಿಶಾಂಕ್’ ಆ್ಯಪ್ ತೆರೆದು ಹೊಲದಲ್ಲಿ ನಿಂತರೆ, ನೀವು ನಿಂತಿರುವ ಸರ್ವೆ ನಂಬರ್ ಯಾವುದೆಂದು ಫೋನೇ ಹೇಳುತ್ತದೆ. ಗೋಮಾಳವೋ ಕೆರೆಯಂಗಳವೋ ಖರಾಬೋ ಎಂಬ ಜಾಡು ಅಲ್ಲಿಂದ ಹಿಡಿಯಬಹುದು. ಅಧಿಕೃತ ಹದ್ದುಬಸ್ತಿಗೆ ಇದು ಬದಲಿಯಲ್ಲ, ಗೆರೆಗಳು ಕೆಲವೆಡೆ ಹತ್ತಾರು ಅಡಿ ಆಚೀಚೆ ಇರಬಹುದು. ಆದರೆ ಪ್ರಶ್ನೆ ಕೇಳಲು ಧಾರಾಳ ಸಾಕು.

2022ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತ ದುಬಾರಿ ಬಡಾವಣೆಗಳು ಮುಳುಗಿದಾಗ ಟ್ರ್ಯಾಕ್ಟರು, ದೋಣಿಗಳ ಚಿತ್ರ ಎಲ್ಲೆಡೆ ಬಂತು. ಕೆರೆಯಿಂದ ಕೆರೆಗೆ ನೀರು ಇಳಿಯುತ್ತ ಬೆಳ್ಳಂದೂರು, ವರ್ತೂರು ದಾಟಿ ದಕ್ಷಿಣ ಪಿನಾಕಿನಿ ಸೇರುವ ದಾರಿಯನ್ನು ಹಳೆಯ ಗ್ರಾಮ ನಕ್ಷೆಗಳಲ್ಲಿ ರಾಜಕಾಲುವೆಯ ಗೆರೆಗಳಾಗಿ ನೋಡಬಹುದು. ಆ ಗೆರೆಗಳನ್ನು ಇಂದಿನ ಉಪಗ್ರಹ ಚಿತ್ರದ ಮೇಲೆ ಹೊದಿಸಿ, ಯಾವ ಕಟ್ಟಡ ಯಾವ ವರ್ಷ ಎದ್ದಿತು ಎಂದು ಹಿಂದಕ್ಕೆ ಸರಿಸುತ್ತ ನೋಡಿದರೆ ಒತ್ತುವರಿಯ ಚರಿತ್ರೆಯೇ ಬಿಚ್ಚಿಕೊಳ್ಳುತ್ತದೆ. ಯಾವ ಅಧಿಕಾರಿಯ ಕಾಲದಲ್ಲಿ ಅನುಮತಿ ಸಿಕ್ಕಿತು ಎಂಬ ಮುಂದಿನ ಪ್ರಶ್ನೆಗೆ ಮಾಹಿತಿ ಹಕ್ಕಿನ ಅರ್ಜಿ ಬೇಕು, ಹಳೆಯ ನೀರುಗಂಟಿಯ ನೆನಪು ಬೇಕು. ಝೆಲೆವೆಟ್‌ನ ಸುಳಿವು ಕೊಟ್ಟಂಥ ಒಬ್ಬ ಮನುಷ್ಯ ಇಲ್ಲೂ ಬೇಕು.

ಇಂಥ ಪ್ರಯತ್ನ ದೇಶದಲ್ಲಿ ಶುರುವಾಗಿದೆ. ಪತ್ರಕರ್ತರೇ 2016ರಲ್ಲಿ ಕಟ್ಟಿದ ‘ಲ್ಯಾಂಡ್ ಕಾನ್‌ಫ್ಲಿಕ್ಟ್ ವಾಚ್’, ಭೂಸಂಘರ್ಷಗಳನ್ನು ದೇಶದುದ್ದಕ್ಕೂ ನಕ್ಷೆಯ ಮೇಲೆ ದಾಖಲಿಸುತ್ತ ಬಂದಿದೆ. ಕರ್ನಾಟಕದ ಪ್ರಕರಣಗಳೂ ಅಲ್ಲಿವೆ. ಕನ್ನಡದ ಪತ್ರಿಕೆಗಳಿಗೆ ಜಿಲ್ಲೆ ಜಿಲ್ಲೆಯಲ್ಲೂ, ತಾಲ್ಲೂಕಿನಲ್ಲೂ ವರದಿಗಾರರಿದ್ದಾರೆ. ಅವರಷ್ಟು ನೆಲ ಬಲ್ಲವರು ಯಾವ ಅಂತರರಾಷ್ಟ್ರೀಯ ಸಂಸ್ಥೆಯಲ್ಲೂ ಇಲ್ಲ. ಅವರ ಜತೆ ಡೆಸ್ಕಿನಲ್ಲಿ ನಕ್ಷೆ ಬಲ್ಲ ಒಬ್ಬರನ್ನು ಕೂರಿಸುವುದು ಸಂಪಾದಕರ ಕೈಯಲ್ಲಿದೆ.

ಸರ್ಕಾರದ ಕೈಯಲ್ಲಿರುವುದು ಇನ್ನೂ ಸರಳ. ಪರಿಸರ ಹಾಗೂ ಅರಣ್ಯ ಅನುಮತಿಗೆ ‘ಪರಿವೇಶ್’ ಪೋರ್ಟಲ್‌ನಲ್ಲಿ ಅರ್ಜಿ ಹಾಕುವವರು ತಮ್ಮ ಯೋಜನೆಯ ಗಡಿಯನ್ನು ಕೆಎಂಎಲ್ ಎಂಬ ನಕ್ಷೆ ಕಡತವಾಗಿ ಸಲ್ಲಿಸಬೇಕು. ಆ ಕಡತವನ್ನು ಗೂಗಲ್ ಅರ್ಥ್‌ನಲ್ಲಿ ಒತ್ತಿದರೆ ಗುತ್ತಿಗೆಯ ಗೆರೆ ನೆಲದ ಮೇಲೆ ಮೂಡುತ್ತದೆ. ರಾಜ್ಯದ ಪ್ರತಿ ಕಲ್ಲು ಕ್ವಾರಿ, ಮರಳು ಬ್ಲಾಕ್, ಅದಿರು ಗಣಿಯ ಗಡಿ ಹೀಗೆ ಒಂದು ಕಡತವಾಗಿ, ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಜಾಲತಾಣದಲ್ಲಿ ಇರಬೇಕು. ಗುತ್ತಿಗೆ ಪಡೆದವರು ಗಡಿಯೊಳಗೇ ಅಗೆಯುತ್ತಿದ್ದರೆ ಇದಕ್ಕೆ ಅವರಾದರೂ ಏಕೆ ಬೇಡವೆನ್ನಬೇಕು?